ಹಾಡು ಮುಗಿಯುವ ತನಕ ಕೂತವರು

ಕಾಲೇಜಿನಲ್ಲಿ ಕಟ್ಟಿದ ಹಾಡೊಂದು ಇಪ್ಪತ್ತೈದು ವರ್ಷ ಸುಮ್ಮನಿದ್ದು, ಈಗ ನನ್ನನ್ನು ಕಂಡ ಕಂಡವರೆದುರು ನಗೆಪಾಟಲು ಮಾಡಲು ಟೊಂಕ ಕಟ್ಟಿ ನಿಂತಿದೆ. ಒಂದು ಸಲ ಆದದ್ದಲ್ಲ ಇದು, ಮೇಲಿಂದ ಮೇಲೆ ಆಗುತ್ತಲೇ ಇದೆ.

ನಾನು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತುವುದು ನನ್ನ ಕೆಲಸ. ಕಾಲೇಜಿನಲ್ಲಿದ್ದಾಗ ನಾನೂ ಟಿಕೋಟಾದ ಗೆಳೆಯನೊಬ್ಬನೂ ಇಂಡಿ ರಾಕ್ ಹುಚ್ಚಿಗೆ ಬಿದ್ದಿದ್ದೆವು. ನಮ್ಮ ಜಿಲ್ಲೆಯ ಇಂಡಿ ಊರಿಗೂ ಇದಕ್ಕೂ ಸಂಬಂಧವಿಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ ಹುಡುಗರು ತಾವೇ ಕಟ್ಟಿ, ತಾವೇ ಬಾರಿಸಿ, ತಾವೇ ಕ್ಯಾಸೆಟ್ ಮಾಡುವ ಹಾಡುಗಳವು. ಕೇಳಿ ಕೇಳಿ ನಾವೂ ಒಂದು ಕಟ್ಟಿದೆವು. ಆರು ನಿಮಿಷದ್ದು. ಐದು ನಿಮಿಷ ನನ್ನ ಗಿಟಾರು, ಗೆಳೆಯನ ಡ್ರಮ್ಮು, ಮೇಲೆ ನನ್ನ ಕೂಗಾಟ. ಕೊನೆಯ ಒಂದು ನಿಮಿಷ ಎಲ್ಲವೂ ನಿಂತು ನನ್ನ ದನಿ ಮಾತ್ರ ಮೆಲ್ಲಗೆ. ಹಾಡಿನ ಜೀವವೆಲ್ಲ ಅಲ್ಲಿತ್ತು. ಆದರೆ ಅಲ್ಲಿಯವರೆಗೆ ಕೂತು ಕೇಳಿದ ಒಂದು ನರಪಿಳ್ಳೆಯೂ ಇರಲಿಲ್ಲ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ಹಾಡಿದಾಗ ಮೂರನೇ ನಿಮಿಷಕ್ಕೆ ಖುರ್ಚಿಗಳು ಖಾಲಿಯಾದವು, ನಾಲ್ಕನೇ ನಿಮಿಷಕ್ಕೆ ಪ್ರಿನ್ಸಿಪಾಲರು ಕರೆಂಟ್ ತೆಗೆಸಿದರು.

ಏಳು ಸಲ

ಆ ಸಿಟ್ಟಿಗೆ ಮರುದಿನವೇ ಇಬ್ಬರೂ ಗೋಳಗುಮ್ಮಟಕ್ಕೆ ಹೋದೆವು. ಒಂದು ಮಾತಾಡಿದರೆ ಏಳು ಸಲ ಮರುದನಿ ಕೊಡುವ ಗುಮ್ಮಟವೇ ನಮಗೆ ತಕ್ಕ ವೇದಿಕೆ ಎಂದು ಮೆಟ್ಟಿಲು ಹತ್ತಿ, ಗ್ಯಾಲರಿಯಲ್ಲಿ ನಿಂತು, ಬಾಯಿಂದಲೇ ಹಾಡು ಶುರು ಮಾಡಿದೆವು. ಮೊದಲ ಸಾಲು ಮುಗಿದಿತ್ತಷ್ಟೆ, ಕಾವಲುಗಾರ ತೇಕುತ್ತ ಓಡಿ ಬಂದ.

"ಏ ತಮ್ಮಾ, ಇದನ್ನ ಒಂದ ಸಲ ಕೇಳೂದ ಕಠಿಣ ಐತಿ. ಏಳ ಸಲ ಕೇಳಸ್ತೀರಿ, ನಾ ಏನ್ ಪಾಪ ಮಾಡೇನಿ?"

ಚಹಾ

ಅಲ್ಲಿಗೆ ನಮ್ಮ ರಾಕ್ ಮುಗಿಯಿತು. ಗೆಳೆಯ ಒಕ್ಕಲುತನ ಹಿಡಿದ, ನಾನು ತಂತಿ ಹಿಡಿದೆ. ಮೊನ್ನೆ ದೀಪಾವಳಿಗೆ ಹೆಂಡತಿ ಅಟ್ಟ ಸ್ವಚ್ಛ ಮಾಡುವಾಗ ಒಂದು ಕ್ಯಾಸೆಟ್ ಕೆಳಗೆ ಬಿತ್ತು. ನಮ್ಮದೇ ಹಾಡು!

"ಒಗೀಲೇನ್ರಿ?" ಅಂದಳು.

"ಅದನ್ನ ಒಗದ್ರ ನನ್ನ ಒಗದಂಗ ನೋಡು" ಅಂದೆ. ಆಕೆ ಸ್ವಲ್ಪ ಹೊತ್ತು ವಿಚಾರ ಮಾಡಿದಳು.

ಆ ಹಾಡನ್ನು ಅಂದು ರಿಕಾರ್ಡ್ ಮಾಡಿಕೊಟ್ಟವರು ಬಬಲೇಶ್ವರದ ಮೈಕ್‌ಸೆಟ್ ಕಾಕಾ. ಕ್ಯಾಸೆಟ್ ಹಾಕಿ ಕೇಳುವ ಟೇಪ್ ರಿಕಾರ್ಡರ್ ಅವರ ಹತ್ತಿರ ಇನ್ನೂ ಇತ್ತು. ಬಬಲೇಶ್ವರಕ್ಕೇ ಹೋಗಿ ಹಾಕಿಸಿದೆ. ಗಿಟಾರಿನ ಮೊದಲ ಸದ್ದು ಕಿವಿಗೆ ಬಿದ್ದದ್ದೇ ಕಣ್ಣು ಮುಚ್ಚಿಕೊಂಡೆ. ಅಷ್ಟೊಂದು ಧೈರ್ಯದಿಂದ ಅರಚುವ ಆ ಹುಡುಗ ನಾನೇ ಎಂದು ನಂಬಲು ಆಗಲಿಲ್ಲ. ಅವನ ಮೇಲೆ ಪ್ರೀತಿ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಹಾಡು ಮುಗಿದು ಕಣ್ಣು ಬಿಟ್ಟರೆ ಕಾಕಾನ ಖುರ್ಚಿ ಖಾಲಿ. ಎದುರಿನ ಹೋಟೆಲಿನಿಂದ ಮೀಸೆ ಒರೆಸಿಕೊಳ್ಳುತ್ತ ಬಂದರು.

"ಕಾಕಾ, ಕಡೀದು ಕೇಳಬೇಕಾಗಿತ್ರಿ."

"ತಮ್ಮಾ, ರಿಕಾರ್ಡ್ ಮಾಡೂ ದಿನಾನೂ ನಾ ಬಟನ್ ಒತ್ತಿ ಚಾ ಕುಡ್ಯಾಕ ಹೋಗಿದ್ನಿ. ನೀವು ಸಣ್ಣವರಿದ್ರಿ, ಬ್ಯಾಸರ ಮಾಡ್ಕೋತೀರಂತ ಹೇಳಿರಲಿಲ್ಲ."

ಬೇರಿಂಗ್

ಕಾಕಾ ಹಾಡನ್ನು ಮೊಬೈಲಿಗೆ ಹಾಕಿಕೊಟ್ಟರು. ಒಬ್ಬರಿಗಾದರೂ ಆ ಕೊನೆಯ ನಿಮಿಷ ಕೇಳಿಸಲೇಬೇಕೆಂಬ ಹಟ ನನಗೆ ಹುಟ್ಟಿಬಿಟ್ಟಿತು. ಮನೆಯಲ್ಲಿ ಹಾಡು ಹಚ್ಚಿದೆ. ಎರಡನೇ ನಿಮಿಷಕ್ಕೆ ಹೆಂಡತಿ ಶೇಂಗಾ ಚಟ್ನಿಗೆಂದು ಮಿಕ್ಸರ್ ಶುರು ಮಾಡಿದಳು. ಚಟ್ನಿ ಡಬ್ಬಿ ತುಂಬಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

ಅಂಗಡಿಯ ಒಳಗಿನ ಕೋಣೆಯಲ್ಲಿ ಮೊಬೈಲ್ ಇಟ್ಟು ಹಚ್ಚಿದೆ. ಮೋಟರ್ ಒಯ್ಯಲು ಬಂದಿದ್ದ ಭೂತನಾಳದ ರೈತರೊಬ್ಬರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೂರು ನಿಮಿಷ ಅಲ್ಲಾಡದೆ, ಹಣೆ ಗಂಟು ಹಾಕಿಕೊಂಡು ಕೇಳಿದರು. ಸಿಕ್ಕಿದ ನನಗೊಬ್ಬ ಶ್ರೋತೃ ಎಂದು ಹಿಗ್ಗಿದೆ. ನಾಲ್ಕನೇ ನಿಮಿಷಕ್ಕೆ ಅವರು ಎದ್ದು ಒಳಗೆ ಇಣುಕಿದರು.

"ಮಾಲಕರ, ಒಳಗ ಓಡಾಕತ್ತಿದ್ದು ನಂದ ಮೋಟರ್ ಏನ್ರಿ? ಬಂದ್ ಮಾಡ್ರಿ ಲಗೂನ, ಬೇರಿಂಗ್ ಪೂರಾ ಹೋಗ್ಯಾವ!"

ಟಿಕೋಟಾದ ತೋಟ

ಕೊನೆಗೆ ಉಳಿದವನು ಟಿಕೋಟಾದ ಗೆಳೆಯ, ನಮ್ಮ ಡ್ರಮ್ಮಿನವನು. ಈಗ ದ್ರಾಕ್ಷಿ ಬೆಳೆಯುತ್ತಾನೆ. ಅವನ ಮೊಬೈಲಿಗೆ ಹಾಡು ಕಳಿಸಿದೆ. ಸಂಕ್ರಾಂತಿ ಮುಗಿಯುವವರೆಗೆ ಸುದ್ದಿಯಿಲ್ಲ. ಆಮೇಲೆ ಫೋನ್ ಬಂತು.

"ಲೇ ದೋಸ್ತ, ಏನ್ ಹಾಡೋ ಇದು! ಮುಂಜಾನಿಂದ ಸಂಜೀತನಕಾ ಅದನ್ನ ಹಚ್ಚೇನಿ. ಬಾಜೂ ತೋಟದವ್ರೂ ನಮಗೂ ಕೊಡ್ರಿ ಅನ್ನಾಕತ್ಯಾರ!"

ನೆಲ ಮುಟ್ಟಲಿಲ್ಲ ನನ್ನ ಕಾಲು. ಅಂಗಡಿ ಬಂದ್ ಮಾಡಿ, ಒಂದು ಕಿಲೋ ಪೇಢಾ ಕಟ್ಟಿಸಿಕೊಂಡು ಬೈಕ್ ಹತ್ತಿದೆ.

ತೋಟದಲ್ಲಿ ದ್ರಾಕ್ಷಿ ಹಣ್ಣಾಗುವ ಹೊತ್ತು. ನಾಲ್ಕು ಮೂಲೆಗೆ ನಾಲ್ಕು ಲೌಡ್‌ಸ್ಪೀಕರ್ ಕಟ್ಟಿದ್ದ. ಬಟನ್ ಒತ್ತಿದ. ನನ್ನ ಮೊದಲ ಕೂಗಿಗೇ ಬಳ್ಳಿಯಲ್ಲಿದ್ದ ಹಕ್ಕಿಗಳೆಲ್ಲ ಭರ್ರೆಂದು ಎದ್ದು ದಿಕ್ಕಾಪಾಲಾದವು.

"ನೋಡ್ದಿ? ಪಟಾಕಿ ಹಾರ್ಸಿದ್ನಿ, ಡಬ್ಬಿ ಬಡದ್ನಿ, ಅಂಜಲಿಲ್ಲ. ನಿನ್ನ ದನಿಗೆ ಅಂಜ್ಯಾವ!"

ಪೇಢಾ ಚೀಲದಿಂದ ತೆಗೆಯದೆ ಮರಳಿ ಬಂದೆ. ನಿಜ ಹೇಳುತ್ತೇನೆ, ಬಹಳ ನೋವಾಯಿತು. ಹೆಂಡತಿ ಮಾತ್ರ ಪೇಢಾ ತಿನ್ನುತ್ತ ಸಮಾಧಾನ ಹೇಳಿದಳು.

ಹದಿನೈದು ದಿನಕ್ಕೆ ಮತ್ತೆ ಫೋನ್. ಈ ಸಲ ದನಿಯಲ್ಲಿ ಸಿಟ್ಟು. "ಲೇ, ನಿನ್ನ ಹಾಡಿನ ಕಿಮ್ಮತ್ತ ಹೋತು. ಬಂದು ನೋಡು."

ಹೋದೆ. ತೋಟದ ಮೇಲಿನ ತಂತಿಯುದ್ದಕ್ಕೂ ಹಕ್ಕಿಗಳು ಸಾಲಾಗಿ ಕೂತಿದ್ದವು. ಗೆಳೆಯ ಹಾಡು ಹಚ್ಚಿದ. ಸ್ಪೀಕರಿನಲ್ಲಿ ನಾನು ಅರಚಿದೆ, ಗಿಟಾರು ಅರಚಿತು. ಮೂರನೇ ನಿಮಿಷವಾಯಿತು, ಒಂದು ಹಕ್ಕಿಯೂ ಏಳಲಿಲ್ಲ. ನಾಲ್ಕನೆಯದು ದಾಟಿತು, ಪ್ರಿನ್ಸಿಪಾಲರು ಕರೆಂಟ್ ತೆಗೆಸಿದ ಜಾಗ ಅದು. ಐದಕ್ಕೆ ಗಿಟಾರು ನಿಂತು ನನ್ನ ದನಿಯೊಂದೇ ಮೆಲ್ಲಗೆ ತೋಟದ ತುಂಬ ಹರಡಿತು. ಹಕ್ಕಿಗಳು ಕತ್ತು ಓರೆ ಮಾಡಿಕೊಂಡು ಸುಮ್ಮನೆ ಕೂತೇ ಇದ್ದವು. ಗೆಳೆಯನ ಬೆರಳು ದ್ರಾಕ್ಷಿಯ ಕ್ರೇಟಿನ ಮೇಲೆ ತಾಳ ಹಾಕುತ್ತಿದ್ದುದು ಅವನಿಗೇ ಗೊತ್ತಿರಲಿಲ್ಲ. ಹಾಡು ಮುಗಿಯಿತು. ಆಗ ಅಷ್ಟೂ ಹಕ್ಕಿಗಳು ಒಟ್ಟಿಗೆ ದ್ರಾಕ್ಷಿಗೊನೆಗಳ ಮೇಲೆ ಇಳಿದವು.

ನನ್ನ ಕಣ್ಣಲ್ಲಿ ನೀರು. "ಪೂರಾ ಕೇಳಿದ್ವಲ್ಲೋ!"

"ಎಲ್ಲಿ ಕೇಳ್ತಾವ ಲೇ? ಯಾವಾಗ ಮುಗೀತೈತಿ ಅಂತ ಕಾಯಾಕತ್ತಾವ!"

"ಕಾದ್ವಲ್ಲ! ಕಾಲೇಜಿನ್ಯಾಗ ಯಾರ್ ಕಾದ್ರು?"

ಅವನು ಹಕ್ಕಿ ಓಡಿಸಲು ಡಬ್ಬಿ ಎತ್ತಿದ. ನಾನು ಗಟ್ಟಿಯಾಗಿ ಅವನ ಕೈ ಹಿಡಿದೆ.

"ತಿನ್ನಲಿ ಬಿಡೋ. ಕಾರ್ಯಕ್ರಮಕ್ಕ ಬಂದವರನ್ನ ಉಪಾಸ ಕಳಸ್ತಾರೇನು?"