ಚೀರುವ ಗಾಲಿಗೆ ಅಪ್ಪನ ಔಷಧಿ

ಹಿರಿಯರಿಗೆ ಸುಳ್ಳು ಹೇಳುವುದಾದರೆ ಪೂರ್ತಿ ಸುಳ್ಳನ್ನೇ ಹೇಳಬೇಕು. ಅರ್ಧ ನಿಜ ಬೆರೆಸಿದಿರೋ, ಆ ಅರ್ಧವನ್ನು ಹಿಡಿದುಕೊಂಡು ಅವರು ಕೆಲಸಕ್ಕೇ ಇಳಿದುಬಿಡುತ್ತಾರೆ. ಇದು ನನಗೆ ತಿಳಿದದ್ದು ನನ್ನ ಪಿಕಪ್ ಗಾಡಿಯ ಹಿಂದಿನ ಬ್ರೇಕ್ ಬದಲಿಸಿದಾಗ. ಅಂದರೆ, ಮೊದಲ ಸಲ ಬದಲಿಸಿದಾಗ.

ಗಣಿಯ ಅದಿರು ಚೀನಾಕ್ಕೆ ಹೋಗಿ, ಅದರ ಧೂಳು ನಮ್ಮ ಊಟದ ತಾಟಿನವರೆಗೂ ಬರುತ್ತಿದ್ದ ವರ್ಷಗಳವು. ಕಂಪ್ಲಿಯಲ್ಲಿ ನನ್ನದೊಂದು ಅಕ್ಕಿ ಅಂಗಡಿ, ಮೂಟೆ ಸಾಗಿಸಲು ಈ ಪಿಕಪ್. ತಂಗಿ ಗಿರಿಜಾ ಬಂಡ್ರಿಯಲ್ಲಿ ಗಂಡನ ಮನೆಯಲ್ಲಿದ್ದಳು, ಏಳು ತಿಂಗಳ ಬಸುರಿ. ಗುರುವಾರ ಅಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿ ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕು. ದಾರಿಯಲ್ಲಿ ಸಂಡೂರಿನ ಘಾಟು. ಹೀಗಿರುವಾಗ ಸೋಮವಾರ ನನ್ನ ಗಾಡಿಯ ಹಿಂದಿನ ಗಾಲಿಗಳು ಚೀರಲು ಶುರು ಮಾಡಿದವು. ಬ್ರೇಕ್ ಒತ್ತಿದರೆ ಗಾಡಿ ನಾಲ್ಕು ಮಾರು ಯೋಚನೆ ಮಾಡಿ ಆಮೇಲೆ ನಿಲ್ಲುತ್ತಿತ್ತು.

ನಮ್ಮೂರಿನ ಮೆಕ್ಯಾನಿಕ್ ರಸೂಲಣ್ಣನಿಗೆ ಆಗ ತೋರಣಗಲ್ಲಿನ ಟಿಪ್ಪರ್‌ಗಳ ಹೊಟ್ಟೆಯ ಕೆಳಗೇ ಸಂಸಾರ. ಹತ್ತು ಗಾಲಿಯ ಗಾಡಿ ಕಂಡವನಿಗೆ ನಾಲ್ಕು ಗಾಲಿಯದು ಆಟದ ಸಾಮಾನು. ಹುಡುಕಿಕೊಂಡು ಹೋದೆ. ಟಿಪ್ಪರಿನಡಿಯಿಂದ ಕಾಲುಗಳಷ್ಟೇ ಹೊರಗಿದ್ದವು. ಅವುಗಳ ಜೊತೆಯಲ್ಲೇ ಮಾತು ನಡೆಯಿತು.

“ಶೂ ಸವದಾವ್ರಿ. ಹೊಸಾವು ತಂದು ನೀವ ಹಾಕ್ಕೋರಿ. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ರಿ. ಎರಡೂ ಕೂಡೇ ಬಿಚ್ಚಿದ್ರ ಯಾವ ಸ್ಪ್ರಿಂಗ್ ಎಲ್ಲಿದು ಅಂತ ನನಗೂ ಗೊತ್ತಾಗಂಗಿಲ್ಲ.”

“ನಾ ಅಕ್ಕಿ ಮಾರಾಂವ ರಸೂಲಣ್ಣ!”

“ಅಕ್ಕ್ಯಾಗಿನ ಕಲ್ಲು ಆರಿಸ್ತೀರಲ್ರಿ, ಹಂಗ ಆರಾಮ ಮಾಡ್ರಿ,” ಅಂದವು ಕಾಲುಗಳು.

ಶೂ ಎಂದರೆ ಕಾಲಿನದಲ್ಲ; ಗಾಲಿಯೊಡನೆ ತಿರುಗುವ, ಬೋಗುಣಿಯಂಥ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ, ಬಾಗಿದ ಎರಡು ತುಂಡುಗಳು. ಹೆಂಡತಿಗೆ ಇದನ್ನು ವಿವರಿಸುವ ಮೊದಲೇ ಅವಳು, “ನಿಮ್ಮ ಚಪ್ಪಲಿ ಸವದು ವರ್ಷಾತು, ಗಾಡಿಗೆ ಮಾತ್ರ ಹೊಸಾ ಶೂ?” ಅಂದಳು.

ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸಕ್ಕೆ ಕೂತೆ. ಅಪ್ಪ ಎದುರಿಗೆ ಬಂದು ಕಟ್ಟೆಯ ಮೇಲೆ ಕುಳಿತ. ಹರೆಯದಲ್ಲಿ ಎತ್ತಿನ ಬಂಡಿಯಲ್ಲಿ ಹೊಸಪೇಟೆಗೆ ಭತ್ತ ಹೊಡೆದವನು ಅವನು. “ಏನಾಗೇತಲೇ ಗಾಡಿಗೆ?” ಎಂದ. ಬ್ರೇಕ್ ಹೋಗಿದೆ ಎಂದರೆ ಮಗಳನ್ನು ಅದರಲ್ಲಿ ಹತ್ತಿಸುವುದಿರಲಿ, ಬಂಡ್ರಿಗೆ ಫೋನ್ ಮಾಡಿ ಕುಬಸವನ್ನೇ ನಿಲ್ಲಿಸುವ ಮನುಷ್ಯ. ಅದಕ್ಕೇ, “ಏನಿಲ್ಲಪ್ಪ, ಗಾಲಿ ಚೀರತೈತಿ ಅಷ್ಟ,” ಅಂದೆ.

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಗಾಲಿ ಕಳಚಿದೆ. ಡ್ರಮ್ಮು ಮಾತ್ರ ಬರಲೊಲ್ಲದು. ಸುತ್ತಿಗೆಯಿಂದ ಸುತ್ತಲೂ ಬಡಿದ ಮೇಲೆ ಒಮ್ಮೆಗೇ ಕಳಚಿ, ಒಳಗಿನಿಂದ ಎರಡು ಬೊಗಸೆ ಕೆಂಪು ಧೂಳು ಮಡಿಲಿಗೆ ಬಿತ್ತು. “ಚೆಲ್ಲಬ್ಯಾಡಲೇ, ಹಡಗಿಗೆ ಹಾಕಿ ಚೀನಾಕ್ಕ ಕಳಸೋಣು,” ಅಂದ ಅಪ್ಪ. ಸ್ಪ್ರಿಂಗೊಂದು ಹಾರಿ ಹೆಂಡತಿ ಒಣಹಾಕಿದ್ದ ಹಪ್ಪಳದ ಮೇಲೆ ಕುಳಿತುಕೊಂಡಿತು. ಅದನ್ನು ಕೇಳಿ ತರುವುದೇ ದೊಡ್ಡ ರಾಜಿ ಪಂಚಾಯ್ತಿಯಾಯಿತು. ಅಂತೂ ರಸೂಲಣ್ಣನ ಕಾಲುಗಳು ಹೇಳಿದಂತೆ ಎಡಗಡೆ ಮುಗಿಸಿ, ಅದನ್ನೇ ನೋಡಿಕೊಂಡು ಬಲಗಡೆಯೂ ಹೊಸ ಶೂ ಕೂಡಿಸಿದೆ. ಎರಡೂ ಕಡೆ ಡ್ರಮ್ಮು ಮುಚ್ಚುವುದೊಂದು ಬಾಕಿ ಇರುವಾಗ ಊಟಕ್ಕೆ ಕರೆ ಬಂತು.

ಉಂಡು ಬಂದು ಎಲ್ಲ ಮುಚ್ಚಿ, ಎದುರಿನ ಅಕ್ಕಿ ಗಿರಣಿಯ ಇಳಿಜಾರಿಗೆ ಗಾಡಿ ತಂದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನೇ. ಅದನ್ನು ಜಗ್ಗಿ, ಕೆಳಗಿಳಿದು, ಹಮಾಲರ ಮುಂದೆ ನಿಂತು ನನ್ನ ಕೈಚಳಕವನ್ನು ವರ್ಣಿಸತೊಡಗಿದೆ. ಅವರಲ್ಲೊಬ್ಬ ನನ್ನ ಭುಜದಾಚೆ ನೋಡಿ, “ಸಾಹುಕಾರ್ರ, ನಿಮ್ಮ ಗಾಡಿ ನಿಮ್ಮನ್ನ ಬಿಟ್ಟು ಹೊಂಟೈತಿ ನೋಡ್ರಿ!” ಅಂದ. ತಿರುಗಿದೆ. ಪಿಕಪ್ಪು ಒಂದಿಷ್ಟೂ ಚೀರದೆ, ಬಹಳ ಮರ್ಯಾದೆಯಿಂದ ಇಳಿದು ಹೋಗಿ ಭತ್ತದ ಹೊಟ್ಟಿನ ಗುಡ್ಡೆಯಲ್ಲಿ ಮೂತಿ ಹುದುಗಿಸಿತು.

ತಂದು ಬಿಚ್ಚಿದರೆ ಶೂಗಳು ಮಿರಮಿರ ಮಿಂಚುತ್ತಿದ್ದವು. ಮೂಸಿದೆ. ಹರಳೆಣ್ಣೆ!

“ನೀ ಊಟಕ್ಕ ಹೋಗಿದ್ದೆಲ್ಲ, ಆವಾಗ ಹಚ್ಚೀನಿ,” ಅಂದ ಅಪ್ಪ, ಮೆಚ್ಚುಗೆಗೆ ಕಾಯುವವನಂತೆ. “ಪಾಪ, ಒಣಾ ಒಣಾ ಕುಂತಿದ್ವು. ಚೀರತೈತಿ ಅಂತ ನೀನ ಅಂದೆಲ್ಲ? ಬಂಡಿ ಚೀರಿದ್ರ ಎಣ್ಣಿ ಹಾಕದ ಮತ್ತೇನು ಮಾಡ್ತಾರ? ಬಸುರಿ ಹುಡುಗಿ, ದಾರಿ ತುಂಬ ಕಿರ್ ಅಂದ್ರ ಹೊಟ್ಟ್ಯಾಗಿನ ಕೂಸು ಬೆದರತೈತಿ ಅಂತ ಎರಡು ಸಲ ತಿಕ್ಕೀನಿ.”

ಬಾಯಿಗೆ ಬಂದ ಬೈಗುಳ ಅಲ್ಲೇ ಕರಗಿತು. ಇದ್ದ ಸಂಗತಿ ಹೇಳಿದೆ. ಅಪ್ಪ ತನ್ನ ಎಣ್ಣೆಗೈಯನ್ನು ಧೋತರಕ್ಕೆ ಒರೆಸಿಕೊಂಡು, “ಮೊದಲ ಹೇಳಾಕ ಏನಾಗಿತ್ತಲೇ ನಿನಗ?” ಎಂದ. ಎಣ್ಣೆ ಕುಡಿದ ಶೂ ಮತ್ತೆ ಕೆಲಸಕ್ಕೆ ಬಾರದು. ಬಸ್ಸು ಹತ್ತಿ ಹೊಸಪೇಟೆಗೆ ಓಡಿ ಇನ್ನೆರಡು ಜೊತೆ ತಂದೆ. ಅಷ್ಟರಲ್ಲಿ ಅಪ್ಪ ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತೊಳೆದು ಇಟ್ಟಿದ್ದ. ಸ್ಪ್ರಿಂಗುಗಳನ್ನು ಅವನು ಹಿಡಿದ, ನಾನು ಕೂಡಿಸಿದೆ. ಈ ಸಲ ಇಳಿಜಾರಿನಲ್ಲಿ ಗಾಡಿ ನಿಂತಿತು. ನಂಬಿಕೆ ಸಾಲದೆ ಅಪ್ಪ ಹಿಂದಿನಿಂದ ಭುಜ ಕೊಟ್ಟು ನೂಕಿಯೂ ನೋಡಿದ.

ಗುರುವಾರ ಕುಬಸ ಮುಗಿಸಿಕೊಂಡು ಬಂಡ್ರಿಯಿಂದ ಹೊರಟೆವು. ನನ್ನ ಪಕ್ಕದಲ್ಲಿ ಗಿರಿಜಾ, ಕಿಟಕಿಗೆ ಅಪ್ಪ. ಘಾಟಿನಲ್ಲಿ ಫಸ್ಟ್ ಗೇರಿಗೆ ಹಾಕಿದ ನಾನು ಅದನ್ನು ತೆಗೆಯಲೇ ಇಲ್ಲ. ಹಿಂದೆ ಟಿಪ್ಪರುಗಳು ಸಾಲುಗಟ್ಟಿ ಹಾರ್ನ್ ಬಡಿದವು.

“ಅಣ್ಣಾ, ಹಿಂಗ ಹೋದ್ರ ಕೂಸು ಘಾಟಿನಾಗ ಹುಟ್ಟತೈತಿ. ಜಲ್ದಿ ಹೊಡಿಯೋ!”

“ಹೆದರಬ್ಯಾಡಲೇ, ಹೊಡಿ,” ಅಂದ ಅಪ್ಪ. “ಬ್ರೇಕ್ ಮಸ್ತ್ ಅದಾವ. ನಾನ ಹಾಕೀನಿ.”

ಅವು ಮಸ್ತ್ ಇದ್ದವೋ ಇಲ್ಲವೋ, ಘಾಟು ಮುಗಿದರೂ ನನಗಂತೂ ತಿಳಿಯಲಿಲ್ಲ. ನಾನು ಗಾಡಿ ಓಡಿಸಿದ ರೀತಿಗೆ ಬ್ರೇಕ್ ಒತ್ತುವ ಪ್ರಸಂಗವೇ ಬರಲಿಲ್ಲ.