ಏಳನೇ ತಿರುವಿಗೆ ಎಷ್ಟು ಅಂಕ?

"ದಾರಿ ಎಷ್ಟು ಕಷ್ಟ ಐತ್ರಿ ಸರ್?" ಎಂದು ನನ್ನನ್ನು ಕೇಳುವವರಿಗೆಲ್ಲ ಉತ್ತರ ಮೊದಲೇ ಗೊತ್ತಿರುತ್ತದೆ. ನಾನು ಬೇರೆ ಉತ್ತರ ಹೇಳಿದಾಗಲೆಲ್ಲ ಒಂದು ಎಡವಟ್ಟು ಆಗುತ್ತದೆ. ಅವರದೇ ಉತ್ತರ ಹೇಳಿದರೆ ಆಗುವುದು ಇನ್ನೂ ದೊಡ್ಡ ಎಡವಟ್ಟು.

ನಾನು ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಸೀಟಿ ಊದುವುದು ನಿಂತ ಮೇಲೆ ಹೊಟ್ಟೆ ಊದಿಕೊಂಡಿತು. ಊರಿನ ಕೆಲವರು ಸೇರಿ ವರ್ಷಕ್ಕೊಮ್ಮೆ ಟ್ರಯಥ್ಲಾನ್ ನಡೆಸುತ್ತಾರೆ. ಕಂಪ್ಲಿಯ ಹೊಳೆಯಲ್ಲಿ ಈಜು, ಅಲ್ಲಿಂದ ಕಮಲಾಪುರ, ಹೊಸಪೇಟೆ, ಪಾಪಿನಾಯಕನಹಳ್ಳಿ ದಾಟಿ ಸಂಡೂರಿನ ಗುಡ್ಡ ಹತ್ತಿ ಇಳಿದು ವಾಪಸ್ ಬರುವ ತನಕ ಸೈಕಲ್ಲು, ಕೊನೆಗೆ ಹಂಪಿಯ ಬಂಡೆಗಳ ನಡುವೆ ಓಟ. ಮೂರೂ ಒಂದೇ ದಿನ. ಈ ದಾರಿಯ ಕಷ್ಟಕ್ಕೆ ಹತ್ತರಲ್ಲಿ ಇಷ್ಟು ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಒಂದು ಅಂದರೆ ಮನೆಯಂಗಳ, ಹತ್ತು ಅಂದರೆ ಯಮನ ಅಂಗಳ.

ಕಾರಿನಲ್ಲಿ ಕೂತು ಕೊಟ್ಟ ನಾಲ್ಕು

ಹೋದ ವರ್ಷ ಸಮಿತಿಯ ಅಧ್ಯಕ್ಷರು ದಾರಿ ತೋರಿಸಲು ನನ್ನನ್ನು ತಮ್ಮ ಹೊಸ ಕಾರಿನಲ್ಲಿ ಕರೆದೊಯ್ದರು. ಅವರದು ಊರಲ್ಲಿ ಒಂದು ಲಾಡ್ಜಿದೆ. ಹೊರಡುವ ಮೊದಲು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಆಯಿತು. ಕಾರಿನೊಳಗೆ ತಣ್ಣಗೆ ಎ.ಸಿ. ಸಂಡೂರು ಘಾಟಿನ ಬುಡದಲ್ಲಿ ಕಣ್ಣು ಮುಚ್ಚಿದವನು ತುದಿಯಲ್ಲಿ ತೆರೆದೆ.

"ಹೆಂಗೈತ್ರಿ ಸರ್ ಏರು?" ಎಂದರು.

"ಏರಿದ್ದೇ ಗೊತ್ತಾಗಲಿಲ್ಲ ನೋಡ್ರಿ," ಎಂದೆ. ಅದು ನಿಜವೇ ಆಗಿತ್ತು. ಹಾಳೆಯ ಮೇಲೆ ನಾಲ್ಕು ಬರೆದೆ.

ಸ್ಪರ್ಧೆಯ ದಿನ ಆ ಘಾಟಿನ ಏಳನೇ ತಿರುವಿನಲ್ಲಿ ನಲವತ್ತಾರು ವರ್ಷದ ಗುಮಾಸ್ತನೊಬ್ಬ ಸೈಕಲ್ಲಿಂದ ಇಳಿದು, ಅದನ್ನು ಜೋಪಾನವಾಗಿ ತಡೆಗೋಡೆಗೆ ಒರಗಿಸಿ, ಪಕ್ಕದಲ್ಲಿ ಕೂತ. ಮತ್ತೆ ಏಳಲಿಲ್ಲ. ಹೆಸರು ಕೊಡುವ ಮೊದಲು ಅವನು ನನ್ನ ನಾಲ್ಕನ್ನು ನೋಡಿದ್ದನಂತೆ. ಇದನ್ನು ಅವನ ಹೆಂಡತಿ ನನಗೆ ಹೇಳಿದರು. ಬೈಯಲಿಲ್ಲ, ಸುಮ್ಮನೆ ಹೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂತಾಪ ಸಭೆಯಲ್ಲಿ ಅಧ್ಯಕ್ಷರು ನನ್ನ ಹಾಳೆಯನ್ನು ಎತ್ತಿ ಹಿಡಿದರು. "ದಾರಿದೇನೂ ತಪ್ಪಿಲ್ರಿ. ಸರ್ ಸಹಿ ಐತಿ ನೋಡ್ರಿ, ಬರೇ ನಾಲ್ಕು. ಅವರ ಆಯುಷ್ಯ ಅಷ್ಟ ಇತ್ತು." ಎಲ್ಲರೂ ತಲೆಯಾಡಿಸಿದರು. ಸಭೆ ಮುಗಿದ ಮೇಲೆ, ಅಭ್ಯಾಸಬಲ ನೋಡಿ, ನನಗೊಂದು ಶಾಲು ಹೊದಿಸಿದರು.

ಲಾರಿಯವರ ಲೆಕ್ಕ

ಈ ವರ್ಷ ಕರೆದರೆ ಒಲ್ಲೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಭಾಮೈದ ಸ್ಪರ್ಧೆಗೆ ಹೆಸರು ಕೊಡುತ್ತೇನೆಂದು ಮನೆಗೆ ಬಂದು ಕೂತ. ಅವನು ದೋಣಿಮಲೈ ಕಡೆ ಲಾರಿ ಮೆಕ್ಯಾನಿಕ್. ವಯಸ್ಸು ಐವತ್ತಾರು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವನು. "ಹೊಸಾ ಪಾರ್ಟ್ ಕುಂದ್ರಿಸ್ಯಾರ ಭಾವ, ಇಂಜಿನ್ ಈಗ ಮಸ್ತ್ ಐತಿ," ಎನ್ನುವ ಜಾತಿ.

ಆ ಸಾವಿನ ನಂತರ ಸಮಿತಿ ಒಂದು ನಿಯಮ ಮಾಡಿತ್ತು. ದಾರಿಗೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಐವತ್ತು ದಾಟಿದವರು ಡಾಕ್ಟರ ಪತ್ರ ತರಬೇಕು. "ಏಳು ಬರೀರಿ ಭಾವ, ಯಾರಿಗೂ ತ್ರಾಸಿಲ್ಲ," ಎಂದು ಭಾಮೈದ ಹಲ್ಲುಗಿಂಜಿದ. ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. "ರೀ, ಹತ್ತು ಬರೀರಿ. ನನಗ ಇರಾಂವ ಒಬ್ಬನ ತಮ್ಮ."

ಆಮೇಲೆ ಒಲ್ಲೆ ಎನ್ನುವ ಮಾತೆಲ್ಲಿ? ಆದರೆ ಈ ಸಲ ಕಾರು ಬೇಡ ಎಂದೆ. ಘಾಟನ್ನು ನಡೆದೇ ಹತ್ತಿದೆ. ಏರು ಅಳೆಯಲು ಮೊಬೈಲಿನಲ್ಲಿ ಹಾಕಿಕೊಂಡಿದ್ದ ಆ್ಯಪ್ ಎರಡನೇ ತಿರುವಿನಲ್ಲೇ ಕಣ್ಣು ಮುಚ್ಚಿತು. ಹೋದ ವರ್ಷದ ನನ್ನ ಹಾಗೆಯೇ. ಏದುಸಿರು ಬಿಡುತ್ತ ಏಳನೇ ತಿರುವಿಗೆ ಬಂದರೆ ರಸ್ತೆಯ ಬದಿಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲುಗಳು ಗುಂಪುಗುಂಪಾಗಿ ಬಿದ್ದಿವೆ. ಅಲ್ಲೇ ಗಾಡಿ ನಿಲ್ಲಿಸಿ ಇಂಜಿನ್ ತಣಿಸುತ್ತಿದ್ದ ಅದಿರು ಲಾರಿಯ ಡ್ರೈವರನನ್ನು ಕೇಳಿದೆ.

"ನಾವ ಇಟ್ಟಿದ್ದರಿ," ಎಂದ. "ಲೋಡ್ ಗಾಡಿ ಏರಿನಾಗ ನಿಂತ್ರ ಬ್ರೇಕ್ ನಂಬಾಕ ಆಗಂಗಿಲ್ಲ. ಕ್ಲೀನರ್ ಜಿಗಿದು ಹಿಂದಿನ ಗಾಲಿಗೆ ಕಲ್ಲು ಕೊಡ್ತಾನ. ಗಾಡಿ ಎದ್ದ ಮ್ಯಾಲ ಕಲ್ಲು ಬದಿಗೆ ಸರಿಸ್ತಾನ. ಎಲ್ಲಿ ಕಲ್ಲು ಭಾಳ ಅದಾವೋ ಅಲ್ಲಿ ಏರು ಭಾಳ. ಮಷೀನು ಯಾಕ ಬೇಕ್ರಿ ಅದಕ್ಕ, ಕಲ್ಲು ಎಣಿಸ್ರಿ."

ಇಳಿಯುತ್ತ ಎಣಿಸಿದೆ. ಏಳನೆಯದರಲ್ಲಿ ಮೂವತ್ತೊಂದು, ಐದನೆಯದರಲ್ಲಿ ಆರು, ಮೂರನೆಯದರಲ್ಲಿ ಎರಡು. ಮೂವತ್ತೊಂದು ಕಲ್ಲಿದ್ದ ಕಡೆ ತಡೆಗೋಡೆಗೆ ಕಟ್ಟಿದ್ದ ಹೂವಿನ ಹಾರ ಒಣಗಿ ದಾರವಾಗಿತ್ತು. ಲಾರಿಯವರು ದಾರಿಯುದ್ದಕ್ಕೂ ಅಂಕ ಬರೆದಿಟ್ಟಿದ್ದಾರೆ, ನಾನು ಅದರ ಮುಂದೆ ಗೊರಕೆ ಹೊಡೆದುಕೊಂಡು ಹೋಗಿದ್ದೇನೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಬೀಳ್ಕೊಡುವ ಮುಂಚೆ ಡ್ರೈವರ್ ಒಂದು ಮಾತು ಕೇಳಿದ್ದ. "ನಿಮ್ಮೋರ ಸೈಕಲ್ಲಿಗೆ ಎಷ್ಟು ಗೇರ್ ಇರ್ತಾವ್ರಿ?"

"ಇಪ್ಪತ್ತೆರಡು."

"ನಂದು ಒಂಬತ್ತರಿ," ಎಂದು ತನ್ನ ಲಾರಿಯ ಕಡೆ ನೋಡಿದ. "ಇಪ್ಪತ್ತೆರಡು ಇದ್ದೂ ಸಾಯ್ತಾರೇನ್ರಿ?"

ಈಜು ಬಾರದ ಅಂಬಿಗ

ಕಂಪ್ಲಿಯಲ್ಲಿ ಈಜಿನ ಜಾಗ ನೋಡಲು ಹರಿಗೋಲಿನಲ್ಲಿ ಕೂತೆ. ಹುಟ್ಟು ಹಾಕುತ್ತಿದ್ದ ಅಂಬಿಗ ಮೂವತ್ತು ವರ್ಷ ಇದೇ ನೀರಿನ ಮೇಲೆ ಕಳೆದವನು.

"ಇಲ್ಲಿ ಸೆಳವು ಹೆಂಗೈತಪ್ಪಾ?" ಎಂದೆ.

"ಮ್ಯಾಲ ಏನೂ ಇಲ್ರಿ. ತೆಳಗ ಐತಿ."

"ಯಾರಾದರೂ ಮುಳುಗಿದ್ದುಂಟಾ?"

ಬೆರಳು ಮಡಿಚತೊಡಗಿದ. ಒಂದು ಕೈ ಮುಗಿಯಿತು. ಇನ್ನೊಂದು ಕೈಗೆ ಹೋಗಬೇಕು, ಹುಟ್ಟು ಬಿಡುವ ಹಾಗಿಲ್ಲವೆಂದು ನಿಲ್ಲಿಸಿದ. "ಎಲ್ಲಾ ಚಲೋ ಈಜೋ ಮಂದಿನ ರೀ," ಎಂದು ಸೇರಿಸಿದ.

"ನೀನು ಹೆಂಗ ಈಜ್ತಿ?"

"ನನಗ ಬರಂಗಿಲ್ರಿ," ಎಂದ, ನಾನು ಏನೋ ಹೊಲಸು ಮಾತಾಡಿದೆನೆಂಬಂತೆ. "ಬಂದಿದ್ರ ನಾನೂ ಎಂದೋ ಹೋಗಿರ್ತಿದ್ದೆ. ಬರಂಗಿಲ್ಲ ಅಂತ ಹರಿಗೋಲು ಬಿಟ್ಟು ಇಳಿಯಂಗಿಲ್ಲ, ಅದಕ್ಕ ನಿಮ್ಮ ಮುಂದ ಕುಂತೀನಿ."

ಹೊಳೆಗೆ ಎಂಟು ಬರೆದೆ. ದಡ ಮುಟ್ಟುವ ತನಕ ಹರಿಗೋಲಿನ ಅಂಚನ್ನು ಬಿಡಲಿಲ್ಲ. ನನಗೆ ಚೆನ್ನಾಗಿ ಈಜು ಬರುತ್ತದೆ.

ಮಧ್ಯಾಹ್ನದ ಬಾಗಿಲು

ಹಂಪಿಯಲ್ಲಿ ಓಟದ ದಾರಿ ಒಂದು ಚಿಕ್ಕ ಗುಡಿಯ ಮುಂದೆ ಹಾಯುತ್ತದೆ. ಅಲ್ಲಿನ ಅರ್ಚಕರು ಬೀಗದ ಕೈ ಹಿಡಿದು ನಿಂತಿದ್ದರು. ಸ್ಪರ್ಧಿಗಳು ಈ ಬಂಡೆಗಳ ಮೇಲೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದರು. ಹನ್ನೆರಡರ ಮೇಲೆ ಎಂದೆ.

"ಬಿಸಿಲಿಗೆ ಕಲ್ಲು ಕಾಯ್ತದ ಅಂತ ಹನ್ನೆರಡಕ್ಕ ದೇವರನ್ನ ನಾವು ಮಲಗಿಸಿಬಿಡ್ತೀವಿ," ಎಂದರು. "ಓಡೋರಿಗೆ ಮನ್ಯಾಗ ಯಾರೂ ಇಲ್ಲೇನ್ರಿ?"

ಹತ್ತಕ್ಕೆ ಹತ್ತು

ಮೂರನ್ನೂ ತೂಗಿ ಇಡೀ ದಾರಿಗೆ ಹತ್ತು ಬರೆದೆ. ಭಾಮೈದನನ್ನು ತಡೆಯಲೆಂದಲ್ಲ. ಕಣ್ಣಾರೆ ಕಂಡದ್ದನ್ನು ಬರೆದೆ. ಇನ್ನು ಯಾರೂ ಬರಲಿಕ್ಕಿಲ್ಲ, ಅಧ್ಯಕ್ಷರು ಮನೆಗೆ ಬಂದು ಕೂಗಾಡುತ್ತಾರೆ ಎಂದು ಕಾದೆ.

ಬಂದರು. ಕೈಯಲ್ಲಿ ಪೇಡಾ ಇತ್ತು.

ಬಸ್ ನಿಲ್ದಾಣದ ಎದುರು ಬ್ಯಾನರ್ ಕಟ್ಟಿಸಿದ್ದರು: 'ಹತ್ತಕ್ಕೆ ಹತ್ತು ಅಂಕ ಗಳಿಸಿದ ದಾರಿ!' ಪಕ್ಕದಲ್ಲಿ ಆ ಸಂತಾಪ ಸಭೆಯ ಶಾಲು ಹೊದ್ದ ನನ್ನ ಫೋಟೋ. ಹೆಸರು ಕೊಡುವವರು ಮುಗಿಬಿದ್ದಿದ್ದರು, ಲಾಡ್ಜಿನ ರೂಮುಗಳೆಲ್ಲ ಭರ್ತಿ. ಘಾಟು ಚೆಂದ ಕಾಣಲೆಂದು ಏಳನೇ ತಿರುವಿನ ಕಲ್ಲುಗಳಿಗೆ ಸುಣ್ಣ ಬಳಿಸಿದ್ದರು.

"ಅದು ಮಾರ್ಕ್ಸ್ ಅಲ್ರೀ, ಕಷ್ಟ!" ಎಂದು ನಾನು ಕೂಗಾಡಿದೆ.

ಅಧ್ಯಕ್ಷರು ನನ್ನ ಬಾಯಿಗೆ ಪೇಡಾ ಇಟ್ಟರು. "ಹೋದ ವರ್ಷ ಬರೇ ನಾಲ್ಕು ಬಂದಿತ್ತು ಸರ್. ಒಂದ ವರ್ಷದಾಗ ಎಷ್ಟು ಸುಧಾರಿಸೇತಿ ನೋಡ್ರಿ!"

ಸೀಲು, ಸಹಿ

ಭಾಮೈದ ಡಾಕ್ಟರ ಪತ್ರ ತಂದ. ಡಾಕ್ಟರು ಒಳ್ಳೆಯವರು, ಸ್ಪಷ್ಟವಾಗಿಯೇ ಬರೆದಿದ್ದರು: 'ಸಮತಟ್ಟು ನೆಲದಲ್ಲಿ, ಆಯಾಸವಾಗದಷ್ಟು ಸೈಕಲ್ ತುಳಿಯಬಹುದು. ಏರು ಹತ್ತಕೂಡದು.' ಭಾಮೈದ ಅದನ್ನು ಲ್ಯಾಮಿನೇಷನ್ ಮಾಡಿಸಿ ಸಮಿತಿಗೆ ತೋರಿಸಿದ. ಸಮಿತಿಯವರು ಸೀಲು ನೋಡಿದರು, ಸಹಿ ನೋಡಿದರು, ಅವನಿಗೆ ಎದೆಗೆ ಕಟ್ಟುವ ನಂಬರು ಕೊಟ್ಟರು.

ನಾನು ಅಧ್ಯಕ್ಷರ ಹತ್ತಿರ ಓಡಿದೆ. "ಪತ್ರದಾಗ ಏನು ಬರೆದಾರ ಅಂತ ಒಮ್ಮೆ ಓದ್ರಿ!"

"ಸರ್," ಎಂದರು ಸಮಾಧಾನದಿಂದ, "ಪತ್ರ ತರಬೇಕು ಅಂತ ರೂಲ್ ಐತಿ. ಓದಬೇಕು ಅಂತ ಇಲ್ಲ."

ಹಿಂದಿನ ಗಾಲಿಗೆ ಕಲ್ಲು

ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ರೊಟ್ಟಿ ಬಡಿಯುವ ಸದ್ದು ಮಾತ್ರ ಎರಡರಷ್ಟಾಯಿತು. ಒಂದು ಬೆಳಗ್ಗೆ ತಾಟನ್ನು ನನ್ನ ಮುಂದೆ ಕುಕ್ಕಿ ಅಂದಳು: "ಆ ಗುಮಾಸ್ತನ ಹೆಂಡ್ತಿ ಮುಂದ ಒಮ್ಮೆ ನಿಂತು ಬಂದೀರಿ. ನನ್ನ ಮುಂದೂ ನಿಂದ್ರೋದು ಐತೇನು?"

ತಾಟು ಬದಿಗೆ ಸರಿಸಿ ಎದ್ದೆ. ಸ್ಪರ್ಧೆಗೆ ನಾಲ್ಕು ದಿನ ಉಳಿದಿತ್ತು. ಭಾಮೈದನನ್ನು ಬಸ್ಸಿನಲ್ಲಿ ಘಾಟಿನ ಐದನೇ ತಿರುವಿಗೆ ಕರೆದೊಯ್ದೆ. "ಲೇ, ಸೈಕಲ್ಲು ಬ್ಯಾಡ. ಏಳನೇ ತಿರುವಿನ ತನಕ ನನ್ನ ಕೂಡ ಮೆಲ್ಲಕ ನಡಿ. ನಡು ನಡು ಕುಂದ್ರಬಾರದು. ಅಷ್ಟು ಆದ್ರ ಮುಂದ ನಾ ಬಾಯಿ ಬಿಡಂಗಿಲ್ಲ."

"ಇಷ್ಟೇನಾ?" ಎಂದು ನಕ್ಕ. ಆರನೇ ತಿರುವಿನ ತನಕ ರಾಜಕೀಯ ಮಾತಾಡಿದ. ಆಮೇಲೆ ಹೂಂ, ಹಾಂ ಅಷ್ಟೇ. ಆಮೇಲೆ ಅದೂ ಇಲ್ಲ. ಏಳನೇ ತಿರುವಿನಲ್ಲಿ ಮುಖ ಬೂದಿಯ ಹಾಗಾಗಿ, ತಡೆಗೋಡೆಯ ಹತ್ತಿರ ಸುಣ್ಣ ಬಳಿದ ಕಲ್ಲೊಂದರ ಮೇಲೆ ಕುಸಿದು ಕೂತ. ಒಣಗಿದ ಹಾರದ ದಾರ ಅವನ ಭುಜಕ್ಕೆ ತಾಗುತ್ತಿತ್ತು. ನಡೆಸಬಾರದಿತ್ತು, ಇದೂ ನನ್ನದೇ ತಪ್ಪು ಲೆಕ್ಕ ಎಂದುಕೊಳ್ಳುತ್ತ ಅವನ ಜೇಬಿನಿಂದ ಎದೆನೋವಿನ ಗುಳಿಗೆ ತೆಗೆದು ನಾಲಿಗೆಯ ಕೆಳಗೆ ಇಟ್ಟೆ. ಅದೇ ಜೇಬಿನಲ್ಲಿದ್ದ ಲ್ಯಾಮಿನೇಷನ್ ಪತ್ರ ತೆಗೆದು ಗಾಳಿ ಹಾಕಿದೆ. ಆ ಪತ್ರ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಅಷ್ಟರಲ್ಲಿ ಲೋಡು ತುಂಬಿದ ಲಾರಿಯೊಂದು ನರಳುತ್ತ ಬಂದು ನಮ್ಮ ಮುಂದೆಯೇ ನಿಂತಿತು. ಕ್ಲೀನರ್ ಕೆಳಗೆ ಜಿಗಿದ. ನನ್ನ ವಯಸ್ಸಿನವನೇ, ತಲೆಗೆ ಟವೆಲ್ ಸುತ್ತಿದ್ದ. ಒಂದು ಕಲ್ಲನ್ನು ಗಾಲಿಗೆ ಕೊಟ್ಟ. ಇನ್ನೊಂದಕ್ಕಾಗಿ ಭಾಮೈದನ ಹತ್ತಿರ ಬಂದು, "ಏಳ್ರಿ ಯಜಮಾನ್ರ, ಕಲ್ಲು ಬೇಕು," ಎಂದ.

ಭಾಮೈದ ಏಳಲು ನೋಡಿದ, ಆಗಲಿಲ್ಲ.

ಕ್ಲೀನರ್ ಅವನ ಮುಖ ನೋಡಿದ, ಎದೆ ಏರಿಳಿಯುವುದನ್ನು ನೋಡಿದ. ಬೇರೆ ಕಲ್ಲು ಹುಡುಕಿ ಲಾರಿಗೆ ಕೊಟ್ಟ. ಮತ್ತೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದು, ಭಾಮೈದನ ಬೆನ್ನ ಹಿಂದೆ, ಇಳುಕಲಿನ ಕಡೆಗೆ, ಗಟ್ಟಿಯಾಗಿ ಒತ್ತಿ ಇಟ್ಟ. ಕಾಲಿನಿಂದ ಒಮ್ಮೆ ಒದ್ದು ಅಲುಗಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡ.

ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದ ನನ್ನ ಭಾಮೈದ ಬೆನ್ನ ಹಿಂದಿನ ಕಲ್ಲನ್ನು ಮುಟ್ಟಿ ನೋಡಿದ. ಡಾಕ್ಟರು ಹೇಳಿದ್ದು, ಅಕ್ಕ ಹೆದರಿದ್ದು, ನಾನು ಬರೆದ ಹತ್ತು, ಯಾವುದೂ ಹೊಕ್ಕದ ತಲೆಯೊಳಗೆ ಆ ಕಲ್ಲು ಹೊಕ್ಕಿತು. ನಕ್ಕ, ನಗುತ್ತ ಕಣ್ಣೊರೆಸಿಕೊಂಡ. "ಭಾವ, ನಂಬರ್ ವಾಪಸ್ ಕೊಡ್ತೀನಿ. ಮನೀಗೆ ಹೋಗೂಣ," ಎಂದ. ನಾನೂ ಅವನ ಪಕ್ಕ ಕೂತು ಅತ್ತುಬಿಟ್ಟೆ.

ಲಾರಿ ಗುಡುಗಿ ಎದ್ದಿತು. ಕ್ಲೀನರ್ ತನ್ನ ಕಲ್ಲುಗಳನ್ನು ಬದಿಗೆ ಸರಿಸಿ, ಓಡಿ ಹತ್ತಿ, ಬಾಗಿಲಿನಿಂದ ಕತ್ತು ಹೊರಗೆ ಹಾಕಿ ನಮ್ಮನ್ನು ನೋಡಿ ಕೂಗಿದ:

"ಎದ್ದ ಮ್ಯಾಲ ನಿಮ್ಮ ಕಲ್ಲೂ ಬದಿಗಿಟ್ಟು ಹೋಗ್ರಿ! ಹಿಂದ ಬರೋರಿಗೆ ಬೇಕಾಗ್ತೈತಿ!"