ಯಜಮಾನರ ದನಿ, ಸರ್ವರಿನ ಸೀಟು

ದೇವರು ಕೆಲವರಿಗೆ ಒಳ್ಳೆಯ ಕಂಠ ಕೊಡುತ್ತಾನೆ. ನನಗೆ ಊರಿನವರೆಲ್ಲರ ಕಂಠ ಕೊಟ್ಟು, ನನ್ನದೇ ಅಂತ ಒಂದನ್ನು ಕೊಡುವುದು ಮರೆತ. ಬಸ್ಸಿನ ಕಂಡಕ್ಟರು, ದೇವಸ್ಥಾನದ ಪೂಜಾರಪ್ಪ, ನಮ್ಮ ಸೋದರಮಾವ, ಸೋದರಮಾವನ ಒದೆಯುವ ಎಮ್ಮೆ, ಯಾರ ದನಿ ಬೇಕೋ ಕೇಳಿ, ತೆಗೆಯುತ್ತೇನೆ. ಈ ವಿದ್ಯೆಗೆ ಅನ್ನ ಹಾಕುವವರು ಯಾರೂ ಇಲ್ಲದ್ದರಿಂದ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಅಂದರೆ ಅದು ಕೆಟ್ಟಾಗ ನಾನು ಅದನ್ನು ನೋಡುತ್ತೇನೆ, ಅದು ನನ್ನನ್ನು ನೋಡುತ್ತದೆ, ನಮ್ಮಿಬ್ಬರನ್ನೂ ಯಜಮಾನರು ಕೆಂಗಣ್ಣಿನಿಂದ ನೋಡುತ್ತಾರೆ.

ಯಜಮಾನರ ಹೆಸರು ಗಂಗಾಧರಪ್ಪ. ಮಾತಿಗೆ ಮುಂಚೆ ಒಣ ಕಾಯಿ ಸುಲಿದಂಥ ಒಂದು ಕೆಮ್ಮು, ಆಮೇಲೆ 'ಏನ್ಲಾ', ಆಮೇಲೆ ಬೈಗುಳ. ಇಷ್ಟು ಸುಲಭದ ದನಿ ನನಗೆ ಇನ್ನೊಂದು ಸಿಕ್ಕಿಲ್ಲ. ಅವರಿಗೆ ಕಿಬ್ಬನಹಳ್ಳಿಯಲ್ಲಿ ಒಂದು, ಮಾಯಸಂದ್ರದಲ್ಲಿ ಒಂದು ಖರೀದಿ ಅಂಗಡಿ. ಕಿಬ್ಬನಹಳ್ಳಿಯಲ್ಲಿ ನನ್ನ ಜೊತೆ ಓದಿದ ಸಿದ್ದೇಶ, ಮಾಯಸಂದ್ರದಲ್ಲಿ ಪುಟ್ಟಲಕ್ಷ್ಮಕ್ಕ. ಅವರು ಅಲ್ಲಿ ತೂಕ ಒತ್ತಿದರೆ ಅದು ತಿಪಟೂರಿನಲ್ಲಿ ಗಣಪತಿ ಫೋಟೋದ ಕೆಳಗೆ ಕೂತಿರುವ ಸರ್ವರಿಗೆ ಬಂದು, ಅದರ ಹೊಟ್ಟೆಯೊಳಗಿನ ಡೇಟಾಬೇಸಿನಲ್ಲಿ ದಾಖಲಾಗಿ, ಮತ್ತೆ ಅವರ ಅಂಗಡಿಯಲ್ಲಿ ಚೀಟಿ ಹೊರಬರಬೇಕು. ಚೀಟಿ ಬಾರದೆ ಒಂದು ಚೀಲವೂ ಗೋಡೌನಿನ ಹೊಸ್ತಿಲು ದಾಟಕೂಡದು. ಹಿಂದೆ ಇಬ್ಬರ ಚೀಲ ಅದಲುಬದಲಾಗಿ ಹೊಡೆದಾಟವಾದಾಗ ಯಜಮಾನರು ಹುಟ್ಟಿಸಿದ ಕಾನೂನು ಇದು. ಅವರ ಕಾನೂನುಗಳಿಗೆ ಹುಟ್ಟು ಮಾತ್ರ ಉಂಟು, ಸಾವಿಲ್ಲ.

ಆವತ್ತು ಬೆಳಿಗ್ಗೆ ಯಜಮಾನರು ಇನ್ನೂ ಬಂದಿರಲಿಲ್ಲ. ಖಾಲಿ ಮಂಡಿ, ಪಕ್ಕದಲ್ಲೇ ಮಂಡಿಯ ಫೋನು, ನನ್ನ ಗಂಟಲಲ್ಲಿ ತುರಿಕೆ. ಕಂಪ್ಯೂಟರ್ ನಿಧಾನ ಎಂದು ಎರಡೂ ಅಂಗಡಿಯವರು ವಾರದಿಂದ ಗೊಣಗುತ್ತಿದ್ದರು. ಇದಕ್ಕೆ ಯಜಮಾನರೇ ಪರಿಹಾರ ಹೇಳಿದರೆ ಹೇಗಿರುತ್ತದೆ ಎಂದು ಯೋಚಿಸಿ, ಕೆಮ್ಮಿ, ಇಬ್ಬರಿಗೂ ಫೋನ್ ಮಾಡಿದೆ. "ಏನ್ಲಾ! ಒಂದೇ ಕಿಟಕಿ ತೆಕ್ಕಂಡು ಕೂತ್ರೆ ನಿಧಾನ ಆಗ್ದೆ ಇನ್ನೇನಾಯ್ತದೆ? ಪ್ರೋಗ್ರಾಮ್‌ನ ಹತ್ತು ಕಿಟಕಿ ತೆಗೀರಿ. ಒಂದೂ ಮುಚ್ಚಕೂಡ್ದು. ಮುಚ್ಚಿದ್ದು ಗೊತ್ತಾದ್ರೆ ನಿಮ್ ಸಂಬಳದ ಬಾಗ್ಲು ಮುಚ್ತೀನಿ!" ಇಬ್ಬರೂ "ಆಗ್ಲಿ ಯಜಮಾನ್ರೇ" ಎಂದರು. ಯಾರಿಗೂ ಒಂದಿಷ್ಟೂ ಅನುಮಾನ ಬರಲಿಲ್ಲ. ಆಜ್ಞೆ ಅಷ್ಟು ದಡ್ಡತನದ್ದಾಗಿತ್ತು. ನಾನು ಒಬ್ಬನೇ ನಕ್ಕು, ಇಡ್ಲಿ ತಿಂದು, ಮರೆತೆ.

ಮಧ್ಯಾಹ್ನದ ಹೊತ್ತಿಗೆ ಸಿದ್ದೇಶನ ಫೋನು. "ಲೇ, ಡಬ್ಬ ಬಾಯ್ ಬುಡ್ತಾ ಇಲ್ಲ ಕಣ್ಲಾ. ಚೀಟಿ ಬತ್ತಾ ಇಲ್ಲ. ನಿಂಗಮ್ಮಾರ ಕೊಬ್ರಿ ಎಲ್ಲ ಅಂಗಳದಾಗೆ ಐತೆ, ಮೋಡ ನೋಡಿದ್ರೆ ಕರ್ರಗೆ ಬತ್ತಾ ಐತೆ." ಅಷ್ಟರಲ್ಲಿ ಫೋನು ಕಿತ್ತುಕೊಂಡ ಸದ್ದು. ಪಕ್ಕದ ಹಳ್ಳಿಯ ನಿಂಗಮ್ಮ, ತನ್ನ ಚೀಲಗಳ ಮೇಲೆ ಕೂತೇ ಮಾತಾಡುತ್ತಿದ್ದರಂತೆ. "ಯಾರಪ್ಪ ನೀನು, ಕಂಪೂಟ್ರೋನು? ವರ್ಸವೆಲ್ಲ ಅಟ್ಟದ ಮೇಲಿಟ್ಟು ಕೂಸಿನಂಗೆ ಕಾದಿವ್ನಿ. ಈಗ ನೆಂದ್ರೆ ಬೂಷ್ಟು ಹಿಡೀತದೆ. ಆಮ್ಯಾಕೆ ನಿಮ್ ಯಜಮಾನ ಮೂಸಿ ನೋಡಿ ಬ್ಯಾಡ ಅಂತಾನೆ. ನೀನು ಬಂದು ತಿಂತೀಯಾ?"

ಅಂಗಡಿಗೊಂದು ಟಾರ್ಪಾಲು ಉಂಟು. ಅದರ ಕೆಳಗೆ ಮಲಗಿದರೆ ನಕ್ಷತ್ರ ಎಣಿಸಬಹುದು.

ಸರ್ವರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೊಳದುದ್ದದ ಸಂದೇಶವಿತ್ತು. ಎಲ್ಲ ತಜ್ಞರಂತೆ ನಾನೂ ಮೊದಲ ಸಾಲು ಮಾತ್ರ ಓದಿದೆ: ಡೇಟಾಬೇಸಿನ ಜೊತೆ ಸಂಪರ್ಕ ಆಗುತ್ತಿಲ್ಲ. ಪ್ರೋಗ್ರಾಮ್ ಮಾರಿದ ಕಂಪನಿಗೆ ಫೋನ್ ಮಾಡಿದರೆ ಜೇನು ಸವರಿದ ದನಿಯೊಂದು, "ಡ್ರೈವರ್ ಹಳೇದಾಗಿರುತ್ತೆ ಸರ್, ತೆಗೆದು ಹೊಸದು ಹಾಕಿ ಸರ್" ಎಂದಿತು. ಡ್ರೈವರ್ ಅಂದರೆ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ಮಾತು ಸಾಗಿಸುವ ದಲ್ಲಾಳಿ. ಅವರಿಬ್ಬರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಮ್ಮ ರೈತರಿಗೂ ವರ್ತಕರಿಗೂ ಇರುವಂತೆ. ವ್ಯಾಪಾರ ಕುದುರದಿದ್ದರೆ ಎಲ್ಲರೂ ಮೊದಲು ದಲ್ಲಾಳಿಯನ್ನೇ ಬೈಯುವುದು. ನಾನೂ ಹಳೆಯವನನ್ನು ಓಡಿಸಿ ಹೊಸಬನನ್ನು ಕೂರಿಸಿದೆ. ಆಗಲಿಲ್ಲ. ಹೊಸಬನನ್ನು ಓಡಿಸಿ, ಕ್ಷಮೆ ಕೇಳಿ, ಹಳಬನನ್ನೇ ಕರೆತಂದೆ. ಆಗಲಿಲ್ಲ. ಇಷ್ಟರಲ್ಲಿ ಬಂದು ಹಿಂದೆ ನಿಂತಿದ್ದ ಯಜಮಾನರು, "ಡ್ರೈವರ್ರು ಸರಿ ಇಲ್ದಿದ್ರೆ ಕ್ಲೀನರ್ ಕೈಗೆ ಕೊಡ್ಲಾ" ಎಂದು ತಾವೇ ನಕ್ಕರು. ನಾನೂ ನಕ್ಕೆ. ಸಂಬಳದಲ್ಲಿ ನಗುವಿಗೂ ಒಂದು ಪಾಲು ಸೇರಿದೆ. ಸರ್ವರನ್ನೇ ಆರಿಸಿ ಹಚ್ಚಿದೆ. ಒಂದು ಗಳಿಗೆ ಉಸಿರಾಡಿ, ಮತ್ತೆ ಕಣ್ಣು ಮೇಲೆ ಮಾಡಿತು. ಯಜಮಾನರು ನಗು ನಿಲ್ಲಿಸಿ, "ಆಯಮ್ಮನ ಕೊಬ್ರಿ ನೆಂದ್ರೆ ನಾಳೆಯಿಂದ ನೀನು ಈ ಕುರ್ಚಿ ಬುಟ್ಟು ಅಂಗಳದಾಗೆ ಕಾಯಿ ಸುಲಿ" ಎಂದರು.

ಬೇರೆ ದಾರಿಯೇ ಉಳಿಯದಿದ್ದಾಗ ಮನುಷ್ಯ ಓದುತ್ತಾನೆ. ಸಂದೇಶವನ್ನು ಕೊನೆಯ ತನಕ ಓದಿದೆ. ಡ್ರೈವರಿಗೆ ಏನೂ ಆಗಿರಲಿಲ್ಲ. ಸೀಟೆಲ್ಲ ಭರ್ತಿ, ಇನ್ನೊಂದು ಸಂಪರ್ಕಕ್ಕೆ ಜಾಗವಿಲ್ಲ ಎಂದಿತ್ತು ಕೊನೆಯ ಸಾಲು. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಒಂದೊಂದು ಕಿಟಕಿಯೂ ಡೇಟಾಬೇಸಿನಲ್ಲಿ ಒಂದು ಸೀಟಿಗೆ ಟವೆಲ್ ಹಾಕಿತ್ತು. ಕೂತವರು ಯಾರೂ ಇಲ್ಲ. ಚೀಟಿ ಹೊರಬರುವುದಕ್ಕೆ ಪ್ರತ್ಯೇಕ ಒಂದು ಸೀಟು ಬೇಕು, ಅದಕ್ಕೆ ಜಾಗವಿಲ್ಲ. ಸರ್ವರ್ ಆರಿಸಿ ಹಚ್ಚಿದರೂ ಅದೇ ಕಿಟಕಿಗಳು ಓಡಿಬಂದು ಮತ್ತೆ ಟವೆಲ್ ಎಸೆಯುತ್ತಿದ್ದವು. ಇಷ್ಟೊಂದು ಕಿಟಕಿ ತೆಗೆಯಲು ಹೇಳಿದ ಮೂರ್ಖ ಯಾರು ಎಂದು ಕೋಪದಿಂದ ಯೋಚಿಸಿದೆ. ಬೆಳಗಿನ ನನ್ನ ಕೆಮ್ಮು ನೆನಪಾಯಿತು.

ಸಿದ್ದೇಶನಿಗೆ ನನ್ನದೇ ದನಿಯಲ್ಲಿ, "ಒಂದು ಬುಟ್ಟು ಎಲ್ಲ ಕಿಟಕಿ ಮುಚ್ಲಾ" ಎಂದೆ.

"ಯಜಮಾನ್ರು ಮುಚ್ಚಕೂಡ್ದು ಅಂದವ್ರೆ. ನಿನ್ ಮಾತು ಕೇಳಿ ನಾನು ಸಂಬಳ ಕಳ್ಕಳಾ? ಅವ್ರೇ ಹೇಳ್ಲಿ."

ಇನ್ನು ಯಜಮಾನರ ಕಾಲಿಗೆ ಬೀಳದೆ ವಿಧಿಯಿರಲಿಲ್ಲ. ಬೆಳಗಿನ ಕತೆಯನ್ನೆಲ್ಲ ಒಪ್ಪಿಸಿದೆ. ಅವರು ನನ್ನನ್ನು ಒಮ್ಮೆ, ಬಾಗಿಲಾಚೆಯ ಮೋಡವನ್ನು ಒಮ್ಮೆ ನೋಡಿ, ಫೋನ್ ತೆಗೆದುಕೊಂಡು ಸ್ಪೀಕರ್ ಒತ್ತಿದರು. ಗಾಬರಿಗೋ ಏನೋ, ಕೆಮ್ಮು ಬರಲಿಲ್ಲ, ಬೈಗುಳವೂ ಬರಲಿಲ್ಲ. "ಸಿದ್ದೇಶಪ್ಪ, ದಯವಿಟ್ಟು ಆ ಕಿಟಕಿಗಳನ್ನ ಮುಚ್ಚಪ್ಪ" ಎಂದರು.

ಅತ್ತ ಕಡೆಯಿಂದ ಗಹಗಹಿಸುವ ನಗು. "ಈಗಿನ್ನ ಯಜಮಾನ್ರೇ ಹೇಳ್ಲಿ ಅಂದೆ, ಆಗ್ಲೇ ಅವರ ದನಿ ತೆಗ್ದೇನ್ಲಾ? ಥೂ, ಸುಮಾರಾಗೈತೆ ಬುಡು. ಆವಯ್ಯನ ಬಾಯಾಗೆ ಈ ಜನ್ಮದಾಗೆ ದಯವಿಟ್ಟು ಬತ್ತದೇನ್ಲಾ? ಮೊದ್ಲು ಕ್ವಾಣ ಕೆಮ್ದಂಗೆ ಕೆಮ್ಬೇಕು, ಆಮೇಲೆ ಬಯ್ಯಬೇಕು. ಕಲ್ತ್ಕಂಡು ಬಾ ಹೋಗು." ಫೋನ್ ಇಟ್ಟ.

ಹೊರಗೆ ಗುಡುಗಿತು. ಯಜಮಾನರು ಫೋನನ್ನು ನನ್ನ ಕಡೆ ತಳ್ಳಿದರು. "ನೀನೇ ಮಾತಾಡು. ನನ್ ತರ."

ಯಜಮಾನರ ಕಣ್ಣೆದುರಿಗೇ ಯಜಮಾನರಾಗುವುದೆಂದರೆ, ಹುಲಿಯ ಮುಂದೆ ಹುಲಿವೇಷ ಕುಣಿದಂತೆ. ಕೋಣ ಕೆಮ್ಮಿದಂತೆ ಕೆಮ್ಮಿದೆ. "ಏನ್ಲಾ ಸಿದ್ದ! ಆ ಕಿಟಕಿಯೆಲ್ಲ ಮುಚ್ತೀಯೋ, ಇಲ್ಲ ಬಂದು ಕದಕ್ಕೇ ನಿನ್ನ ಮೊಳೆ ಹೊಡೀಲೋ?"

"ಅಯ್ಯೋ ಯಜಮಾನ್ರೇ! ಈಗ್ಲೇ ಮುಚ್ದೆ ಯಜಮಾನ್ರೇ! ಈಗ ತಾನೆ ಆ ನನ್ಮಗ ನಿಮ್ ದನಿ ಮಾಡ್ಕಂಡು..."

ಮಾಯಸಂದ್ರಕ್ಕೂ ಅದೇ ಕೆಮ್ಮು, ಅದೇ ಫಲ. ಸೀಟು ಖಾಲಿಯಾಯಿತು, ಚೀಟಿ ಬಂತು. ಕೊನೆಯ ಚೀಲ ಹೊಸ್ತಿಲು ದಾಟುವಾಗ ಮಳೆ ಶುರುವಾಯಿತಂತೆ. ನೆಂದವನು ಅದನ್ನು ಒಳಗೆ ತಳ್ಳಿದ ಸಿದ್ದೇಶ ಒಬ್ಬನೇ. "ಕೊಬ್ರಿ ಬದುಕ್ತು, ಆ ಕಂಪೂಟ್ರೋನ್ನ ಒಂದಿನ ಅಟ್ಟದ ಮೇಲೆ ಹಾಕಿ ಒಣಗ್ಸಿ" ಎಂದು ನಿಂಗಮ್ಮ ಹೇಳಿ ಹೋದರಂತೆ.

ಯಜಮಾನರು ನನ್ನಿಂದ ಕುರ್ಚಿ ಬಿಡಿಸಲಿಲ್ಲ, ಬೈಯಲೂ ಇಲ್ಲ. ನಾನೂ ಗೆದ್ದೆ ಎಂದೇ ತಿಳಿದಿದ್ದೆ. ಶನಿವಾರ ಸಂಜೆ ಪುಟ್ಟಲಕ್ಷ್ಮಕ್ಕ ಫೋನ್ ಮಾಡಿ, "ನಾಳೆ ಎಷ್ಟೊತ್ತಿಗೆ ಬತ್ತೀಯಪ್ಪ?" ಎಂದರು.

"ಎಲ್ಲಿಗಕ್ಕ?"

"ಇದೇನ್ ಹಿಂಗಂತೀಯಾ? ಇನ್ನು ಮ್ಯಾಕೆ ಎಲ್ಲಾ ಭಾನುವಾರ ಮಾಯಸಂದ್ರಕ್ಕೆ ಬಂದು ಪುಕ್ಸಟ್ಟೆ ಕಂಪೂಟ್ರು ನೋಡ್ತೀನಿ ಅಂತ ಬೆಳಿಗ್ಗೆ ನೀನೇ ಅಲ್ವಾ ಫೋನ್ ಮಾಡಿದ್ದು? ಮಂಡಿ ಫೋನಿಂದ್ಲೇ ಬಂತು."

ನಾನಲ್ಲ ಅಕ್ಕ, ಅದು ಯಜಮಾನರಿರಬೇಕು ಎಂದರೆ ನಕ್ಕುಬಿಟ್ಟರು. "ನಿನ್ ದನಿ ನಂಗೆ ಗೊತ್ತಿಲ್ವೇನಪ್ಪ? ಅದೇ ಬೆದರ್ಕಂಡ ದನಿ, ಮಾತಿಗೊಂದ್ಸಲ 'ಡ್ರೈವರ್ ನೋಡ್ಬೇಕು, ಡ್ರೈವರ್ ನೋಡ್ಬೇಕು'."

ಈಗ ಪ್ರತಿ ಭಾನುವಾರ ಮಾಯಸಂದ್ರದ ಬಸ್ಸಿಗೆ ಟವೆಲ್ ಎಸೆಯುತ್ತೇನೆ. ರಜೆ ಹೋದ ದುಃಖ ಅಷ್ಟಿಲ್ಲ. ಇಷ್ಟು ವರ್ಷ ನನಗೂ ಸಿಗದ ನನ್ನ ದನಿಯನ್ನು ಆ ಮನುಷ್ಯ ಮೊದಲ ಸಲಕ್ಕೇ ಹಿಡಿದುಬಿಟ್ಟರಲ್ಲ ಎಂಬುದೇ ಸಂಕಟ.